ಕಲಾ ಶಿಕ್ಷಣಕ್ಕೆ ಅನುದಾನ: ಯಾವುದಕ್ಕೆ ಎಷ್ಟು, ಕಲಾವಿದರ ನೆರವು ಪಡೆಯುವುದು ಹೇಗೆ?

ಎಂಟು_ವಿಭಾಗ ಕೇಳಿದ್ದು:

4ರಿಂದ 7ನೇ ತರಗತಿವರೆಗೆ ಎಂಟು ವಿಭಾಗ, ವಿಭಾಗಕ್ಕೆ 40ರಂತೆ 320 ಮಕ್ಕಳಿರುವ ಶಾಲೆ. ಕಲೆಗೆ ವಾರಕ್ಕೊಂದು 40 ನಿಮಿಷದ ಪೀರಿಯಡ್. ಕಲೆಗೆಂದೇ ಬೇರೆ ಶಿಕ್ಷಕರಿಲ್ಲ, ತರಗತಿ ಶಿಕ್ಷಕರೇ ನಡೆಸಬೇಕು. ಈಗ ದಾನಿ ಸಂಸ್ಥೆಯೊಂದು ಎರಡು ವರ್ಷದ ಅನುದಾನಕ್ಕೆ ಅರ್ಜಿ ಕರೆದಿದೆ.

ಆಡಳಿತ ಮಂಡಳಿಗೆ ಮಣ್ಣು ಸುಡುವ ವಿದ್ಯುತ್ ಆವಿಗೆ, ಎರಡು ಕೀಬೋರ್ಡ್, ಒಂದು ಪ್ರೊಜೆಕ್ಟರ್ ಕೊಳ್ಳುವ ಮನಸ್ಸು. ಶಿಕ್ಷಕರಿಗೆ ಕಲಾವಿದರನ್ನು ಕರೆಸುವ ಆಸೆ. ಎರಡಕ್ಕೂ ಸಾಕಾಗುವಷ್ಟು ಹಣ ಸಿಗುವುದಿಲ್ಲ. ಹಣವನ್ನು ಹೇಗೆ ಹಂಚಬೇಕು, ಸಾಮಗ್ರಿಯ ಪ್ರಮಾಣವನ್ನು ಅಂದಾಜು ಮಾಡುವ ಕ್ರಮವೇನು, ಕಲಾವಿದರ ಜೊತೆ ಒಪ್ಪಂದ ಹೇಗಿರಬೇಕು? ಎಲ್ಲಕ್ಕಿಂತ ಮುಖ್ಯವಾಗಿ, ಎರಡು ವರ್ಷ ಮುಗಿದ ಮೇಲೂ ಕೆಲಸ ನಿಲ್ಲಬಾರದು. ಅನುಭವಸ್ಥರು ದಯವಿಟ್ಟು ಬಿಡಿಸಿ ಹೇಳಿ.

ಖಾತೆ_ಕಡತ:

ಮೊದಲ ಹೆಜ್ಜೆಗೆ ಹಣ ಬೇಕಿಲ್ಲ: ವೇಳಾಪಟ್ಟಿ ಬದಲಿಸಿ. 40 ನಿಮಿಷದಲ್ಲಿ ಹತ್ತು ನಿಮಿಷ ಸಾಮಗ್ರಿ ಹಂಚಲು, ಹತ್ತು ನಿಮಿಷ ತೊಳೆದು ಒರೆಸಲು ಹೋಗುತ್ತದೆ. ಉಳಿದ ಇಪ್ಪತ್ತರಲ್ಲಿ ಬಣ್ಣದ ಕೆಲಸವೂ ಆಗದು, ನಾಟಕದ ಕೆಲಸವೂ ಆಗದು. ಎರಡು ವಾರಕ್ಕೊಮ್ಮೆ 80 ನಿಮಿಷದ ಜೋಡಿ ಪೀರಿಯಡ್ ಮಾಡಿಕೊಂಡರೆ ಒಟ್ಟು ಸಮಯ ಅಷ್ಟೇ ಇರುತ್ತದೆ, ಕೆಲಸ ಮಾಡುವ ಸಮಯ ಮಾತ್ರ ಒಂದು ಗಂಟೆಯಾಗುತ್ತದೆ. ಮುಖ್ಯ ಶಿಕ್ಷಕರ ಸಹಿ ಇರುವ ಹೊಸ ವೇಳಾಪಟ್ಟಿಯನ್ನು ಅರ್ಜಿಗೆ ಲಗತ್ತಿಸಿ. ಶಾಲೆ ತನ್ನ ಕಡೆಯಿಂದ ಏನು ಕೊಡುತ್ತಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಇನ್ನೊಂದಿಲ್ಲ.

ಹಂಚಿಕೆಗೆ ಒಂದು ಚೌಕಟ್ಟು: ಕಲಿಸುವವರ ಸಂಭಾವನೆ ಮತ್ತು ಶಿಕ್ಷಕರ ತರಬೇತಿಗೆ ಅರ್ಧ, ಅಂದರೆ 50%. ಖರ್ಚಾಗಿ ಹೋಗುವ ಸಾಮಗ್ರಿಗೆ 20%. ಬಾಳಿಕೆಯ ಉಪಕರಣಕ್ಕೆ 10%. ಕಪಾಟು, ಒಣಗಿಸುವ ಅಟ್ಟಣಿಗೆ, ಬಕೆಟ್ ಇತ್ಯಾದಿಗೆ 5%. ಪ್ರದರ್ಶನ ಮತ್ತು ದಾಖಲಾತಿಗೆ 5%. ಕೈಮೀಸಲು 10%. ಇದೇನೂ ನಿಯಮವಲ್ಲ. ಆದರೆ ಉಪಕರಣದ ಪಾಲು 25% ದಾಟಿದರೆ ಎರಡನೇ ವರ್ಷ ಕೊಠಡಿಯಲ್ಲಿ ಯಂತ್ರವಿರುತ್ತದೆ, ಕಾಗದವಿರುವುದಿಲ್ಲ. ಬಹಳಷ್ಟು ಶಾಲೆಗಳಲ್ಲಿ ಕಲಾ ಕೊಠಡಿಗೆ ಬೀಗ ಬೀಳುವುದು ಹೀಗೆಯೇ.

ಸಾಮಗ್ರಿಯನ್ನು "ಒಂದಿಷ್ಟು ಬಣ್ಣ, ಒಂದಿಷ್ಟು ಶೀಟು" ಎಂದು ಬರೆಯಬೇಡಿ. ಒಂದು ಮಗು, ಒಂದು ತರಗತಿ ಎಂಬ ಲೆಕ್ಕದಿಂದ ಮೇಲಕ್ಕೆ ಬನ್ನಿ. ವರ್ಷಕ್ಕೆ 16 ಜೋಡಿ ಪೀರಿಯಡ್ ಸಿಗುತ್ತವೆ ಎಂದಿಟ್ಟುಕೊಳ್ಳೋಣ. ಅದರಲ್ಲಿ 6 ನೀರು ಬಣ್ಣಕ್ಕೆ, 4 ರೇಖಾಚಿತ್ರಕ್ಕೆ, 2 ಮಣ್ಣಿಗೆ, 4 ನಾಟಕ ಮತ್ತು ಸಂಗೀತಕ್ಕೆ.

ನೀರು ಬಣ್ಣದ ಅಂತಿಮ ಚಿತ್ರಕ್ಕೆ 200 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಅಳತೆ) ಕಾಗದವೇ ಬೇಕು. ತೆಳು ಕಾಗದ ಒದ್ದೆಯಾದಾಗ ಉಬ್ಬಿ ಸುಕ್ಕಾಗುತ್ತದೆ, ಬಣ್ಣ ತಗ್ಗಿನಲ್ಲಿ ನಿಲ್ಲುತ್ತದೆ, ಮಗು ತನ್ನ ಕೈಯೇ ಸರಿಯಿಲ್ಲ ಅಂದುಕೊಳ್ಳುತ್ತದೆ. 6 × 320 = 1,920 ಹಾಳೆ, ಹಾಳಾಗುವುದಕ್ಕೆ 10% ಸೇರಿಸಿದರೆ ಸುಮಾರು 2,100. ಅಭ್ಯಾಸಕ್ಕೆ, ರೇಖಾಚಿತ್ರಕ್ಕೆ 100-120 ಜಿಎಸ್‌ಎಂ ಸಾಕು. ದೊಡ್ಡ ಹಾಳೆ ತಂದು ಶಾಲೆಯಲ್ಲೇ ಕತ್ತರಿಸಿದರೆ ಅಗ್ಗ.

ಬಣ್ಣ ಮಗುವಿಗೆ ಒಂದು ತರಗತಿಯಲ್ಲಿ ಎಲ್ಲ ಸೇರಿ 20 ಮಿ.ಲೀ. ವಿಭಾಗಕ್ಕೆ 800 ಮಿ.ಲೀ., ಎಂಟು ವಿಭಾಗ ಆರು ಜೋಡಿ ಪೀರಿಯಡ್‌ಗೆ 38.4 ಲೀಟರ್. ಹನ್ನೆರಡು ಬಣ್ಣದ ಪುಟ್ಟ ಡಬ್ಬಿಗಳ ಪೆಟ್ಟಿಗೆ ಕೊಳ್ಳಬೇಡಿ. ಬಿಳಿ, ಹಳದಿ, ಕೆಂಪು, ನೀಲಿ, ಕಪ್ಪು, ಈ ಐದನ್ನೇ ದೊಡ್ಡ ಕ್ಯಾನಿನಲ್ಲಿ ತನ್ನಿ. ಆದರೆ ಐದನ್ನೂ ಸಮನಾಗಿ ತಂದರೆ ಅರ್ಧ ವರ್ಷಕ್ಕೇ ಬಿಳಿ ಮುಗಿಯುತ್ತದೆ, ಕಪ್ಪು ಹಾಗೇ ಕೂತಿರುತ್ತದೆ. ಬಿಳಿ 12, ಹಳದಿ 9, ಕೆಂಪು 7, ನೀಲಿ 7, ಕಪ್ಪು 3 ಲೀಟರ್ ಸರಿಹೋಗುತ್ತದೆ. ಹಳದಿಯ ಮೇಲೆ ಒಂದು ಹನಿ ನೀಲಿ ಬಿದ್ದರೂ ಹಸಿರಾಗುವುದರಿಂದ ಹಳದಿ ಬೇಗ ಕೆಡುತ್ತದೆ. ಅದನ್ನು ಪ್ರತ್ಯೇಕ ಬಟ್ಟಲಲ್ಲಿ, ಚಮಚದ ಅಳತೆಯಲ್ಲಿ ಹಾಕಿಕೊಡಿ.

ಕುಂಚ 320 ಬೇಡ. ವಿಭಾಗಗಳು ಸರದಿಯಂತೆ ಬಳಸುವುದರಿಂದ 40 ಚಪ್ಪಟೆ, 40 ದುಂಡು ಸಾಕು, ವರ್ಷಕ್ಕೆ ಕಾಲು ಭಾಗ ಬದಲಿ. ನೀರಿನ ಡಬ್ಬದಲ್ಲೇ ಬಿಟ್ಟರೆ ಕೂದಲು ಬಾಗುತ್ತದೆ. ತೊಳೆದ ಕೂಡಲೇ ಕೂದಲು ಮೇಲಾಗಿ ನಿಲ್ಲಿಸಿದರೆ ನೀರು ತಗಡಿನ ಕೊರಳಿಗೆ ಇಳಿದು ಅಂಟು ಬಿಡುತ್ತದೆ. ಬಟ್ಟೆಯ ಮೇಲೆ ಮಲಗಿಸಿ ಒಣಗಿಸಬೇಕು. ಇಷ್ಟನ್ನು ಮಕ್ಕಳಿಗೇ ಕಲಿಸಿದರೆ ಬದಲಿಯ ಖರ್ಚು ಕಣ್ಣಿಗೆ ಕಾಣುವಂತೆ ಇಳಿಯುತ್ತದೆ.

ರಂಗದ_ಬಾಗಿಲು:

ಕಲಾವಿದರ ವಿಷಯ ನಾನು ಹೇಳುತ್ತೇನೆ. ಎಲ್ಲ 320 ಮಕ್ಕಳಿಗೂ ಒಂದೊಂದು ದಿನದ ಕಾರ್ಯಾಗಾರ ಎಂಬ ಯೋಜನೆ ಹಾಕಬೇಡಿ. ಸಂಖ್ಯೆ ದೊಡ್ಡದಾಗಿ ಕಾಣುತ್ತದೆ, ಕಲಿಕೆ ಉಳಿಯುವುದಿಲ್ಲ. ಒಬ್ಬ ಕಲಾವಿದರು ಎರಡೇ ವಿಭಾಗಗಳನ್ನು ಹಿಡಿದು, ಒಂದೊಂದರಲ್ಲೂ 10 ಜೋಡಿ ಪೀರಿಯಡ್ ಕೆಲಸ ಮಾಡಲಿ. ಮೊದಲ ಎರಡು ಮೂರು ಪೀರಿಯಡ್ ಪರಿಚಯ ಮತ್ತು ಕೈ ಪಳಗುವುದಕ್ಕೇ ಹೋಗುತ್ತವೆ. ನಾಲ್ಕನೆಯದರಿಂದಾಚೆಗೆ ಮಕ್ಕಳು ಸ್ವಂತ ನಿರ್ಧಾರ ಮಾಡಲು ತೊಡಗುತ್ತಾರೆ. ಏಳು, ಎಂಟನೆಯ ಪೀರಿಯಡ್‌ನಲ್ಲಿ ಮಾಡಿದ್ದನ್ನು ಕೆಡವಿ ಮತ್ತೆ ಕಟ್ಟುವ ಧೈರ್ಯ ಬರುತ್ತದೆ. ಆ ಹಂತ ಮುಟ್ಟದ ಕಾರ್ಯಕ್ರಮ ಪ್ರಾತ್ಯಕ್ಷಿಕೆಯಷ್ಟೇ.

ಸಂಭಾವನೆಯನ್ನು ತರಗತಿಯ ಗಂಟೆಗೆ ಮಾತ್ರ ಲೆಕ್ಕ ಹಾಕುವುದು ಎಲ್ಲೆಡೆ ನಡೆಯುವ ತಪ್ಪು. 2 ವಿಭಾಗ × 10 ತರಗತಿ × 80 ನಿಮಿಷ ಅಂದರೆ 26 ಗಂಟೆ 40 ನಿಮಿಷ. ತಯಾರಿಗೆ ಅದರ ಅರ್ಧ, 13 ಗಂಟೆ 20 ನಿಮಿಷ. ಶಿಕ್ಷಕರ ಜೊತೆ ಎರಡೆರಡು ಗಂಟೆಯ ಮೂರು ಸಭೆ: ಆರಂಭದಲ್ಲಿ, ನಡುವೆ, ಕೊನೆಯಲ್ಲಿ. ಒಟ್ಟು 46 ಗಂಟೆ. ಪ್ರಯಾಣದ ಖರ್ಚು ಬೇರೆ. ಈ 46ಕ್ಕೂ ದುಡ್ಡು ಕೊಡದಿದ್ದರೆ ಕಲಾವಿದರು ಸಭೆಗೆ ಬರುವುದಿಲ್ಲ, ಬರಬೇಕೆಂದು ಕೇಳುವ ಹಕ್ಕೂ ಶಾಲೆಗೆ ಇರುವುದಿಲ್ಲ. "ಕಲೆಯ ಸೇವೆ" ಎಂದು ಅರ್ಧ ಸಂಭಾವನೆಗೆ ಒಪ್ಪಿಸುವುದು ಅನ್ಯಾಯ. ಅಂಥ ಏರ್ಪಾಡು ಎರಡನೇ ವರ್ಷಕ್ಕೆ ಉಳಿಯುವುದೂ ಇಲ್ಲ.

ಒಪ್ಪಂದ ಎರಡು ಪುಟ ಮೀರಬೇಕಿಲ್ಲ. ದಿನಾಂಕ ಮತ್ತು ಸಮಯ, ಯಾರು ಯಾವ ಸಾಮಗ್ರಿ ತರಬೇಕು, ತರಗತಿ ರದ್ದಾದರೆ ಏನು ಎಂಬುದು ಅದರಲ್ಲಿ ಸ್ಪಷ್ಟವಾಗಿರಲಿ. ಶಾಲೆಯೇ ಕೊನೆ ಗಳಿಗೆಯಲ್ಲಿ ರದ್ದು ಮಾಡಿದರೆ ಪೂರ್ತಿ ಸಂಭಾವನೆ, ಎರಡು ದಿನ ಮೊದಲು ತಿಳಿಸಿದರೆ ಬದಲಿ ದಿನ. ಪಾವತಿ ಮೂರು ಕಂತು: ಸಹಿಯಾದಾಗ 30%, ಐದನೇ ಜೋಡಿ ಪೀರಿಯಡ್ ಮುಗಿದಾಗ 40%, ಕೊನೆಯ ಸಭೆಯ ನಂತರ 30%. ಮಕ್ಕಳ ಫೋಟೊ, ವಿಡಿಯೊಗೆ ಪೋಷಕರ ಲಿಖಿತ ಒಪ್ಪಿಗೆ ಇರಬೇಕು, ಮಕ್ಕಳ ಕೃತಿ ಮಕ್ಕಳದೇ ಆಗಿರಬೇಕು. ಹೊರಗಿನವರು ಯಾವ ಮಗುವಿನೊಂದಿಗೂ ಒಂಟಿಯಾಗಿರಬಾರದು. ಕಲಾವಿದರ ಹಿಂದಿನ ಕೆಲಸದ ಬಗ್ಗೆ ಇಬ್ಬರನ್ನಾದರೂ ವಿಚಾರಿಸಿದ ದಾಖಲೆ ಕಡತದಲ್ಲಿರಲಿ. ಎಷ್ಟೇ ಹೆಸರಾಂತ ಕಲಾವಿದರಾದರೂ ಇದಕ್ಕೆ ವಿನಾಯಿತಿ ಬೇಡ.

ಇನ್ನೊಂದು ಷರತ್ತು ಇಲ್ಲದಿದ್ದರೆ ಉಳಿದದ್ದೆಲ್ಲ ವ್ಯರ್ಥ: ತರಗತಿ ಶಿಕ್ಷಕರು ಕೊಠಡಿಯಲ್ಲೇ ಇರಬೇಕು, ಮಕ್ಕಳ ಜೊತೆ ಕೆಲಸ ಮಾಡಬೇಕು. ಕಲಾವಿದರು ಬಂದ ಹೊತ್ತಿನಲ್ಲಿ ಶಿಕ್ಷಕರು ಹಿಂದೆ ಕೂತು ನೋಟ್‌ಬುಕ್ ತಿದ್ದುತ್ತಿದ್ದರೆ ಅನುದಾನ ಮುಗಿದ ದಿನವೇ ಕಲೆಯೂ ಮುಗಿಯಿತು. ಹತ್ತು ತರಗತಿಗಳನ್ನು ಹೀಗೆ ಇಳಿಸಿ: ಮೊದಲ ಮೂರು ಕಲಾವಿದರು ನಡೆಸುತ್ತಾರೆ, ಶಿಕ್ಷಕರು ಒಂದು ಗುಂಪಿನ ಜೊತೆ ಕೂತು ಮಾಡುತ್ತಾರೆ. ಮುಂದಿನ ನಾಲ್ಕು ಇಬ್ಬರೂ ಸೇರಿ. ಕೊನೆಯ ಮೂರನ್ನು ಶಿಕ್ಷಕರು ನಡೆಸುತ್ತಾರೆ, ಕಲಾವಿದರು ನೋಡಿ ಟಿಪ್ಪಣಿ ಕೊಡುತ್ತಾರೆ. ಅದೇ ಶಿಕ್ಷಕರು ಮರುವರ್ಷ ಇನ್ನೊಂದು ವಿಭಾಗಕ್ಕೆ ಒಬ್ಬರೇ ನಡೆಸಲಿ, ಕಲಾವಿದರು ಎರಡು ಬಾರಿ ಮಾತ್ರ ಬಂದು ನೋಡಲಿ. ಕಲಾವಿದರಿಗೆ ಕೊಟ್ಟ ಹಣ ಶಾಲೆಯಲ್ಲೇ ಉಳಿಯುವ ಕೌಶಲವಾಗುವುದು ಹೀಗೆ.

ಮಣ್ಣಿನ_ಕೋಣೆ:

ಆವಿಗೆಯ ಬಗ್ಗೆ ಆಡಳಿತ ಮಂಡಳಿಗೆ ತಿಳಿಸಬೇಕಾದ್ದು: ಯಂತ್ರದ ಬೆಲೆ ಒಟ್ಟು ಖರ್ಚಿನ ಒಂದು ಭಾಗ ಮಾತ್ರ. ಅದಕ್ಕೇ ಮೀಸಲಾದ ವಿದ್ಯುತ್ ಮಾರ್ಗ, ಬ್ರೇಕರ್, ಹೊಗೆ ಮತ್ತು ಆವಿ ಹೊರಹೋಗುವ ವ್ಯವಸ್ಥೆ, ಮಕ್ಕಳು ಓಡಾಡದ ಪ್ರತ್ಯೇಕ ಜಾಗ, ಒಳಗಿನ ತಟ್ಟೆ ಮತ್ತು ಆಧಾರಗಳು, ಕೆಲ ಕಾಲದ ಮೇಲೆ ಸುಟ್ಟುಹೋಗುವ ಕಾಯಿಲ್‌ಗಳ ಬದಲಿ, ಇವೆಲ್ಲ ಬೇಕು. ಜೊತೆಗೆ ಸುಡುವ ಕ್ರಮ ಬಲ್ಲ ಒಬ್ಬರು.

ಆ ಕ್ರಮ ತಿಳಿಯದಿದ್ದರೆ ಮಕ್ಕಳ ಕೆಲಸ ಒಳಗೇ ಸಿಡಿಯುತ್ತದೆ. ಮಣ್ಣಿನಲ್ಲಿ ಉಳಿದ ತೇವ 100 ಡಿಗ್ರಿ ಸೆಲ್ಸಿಯಸ್ ಮುಟ್ಟುವಾಗ ಆವಿಯಾಗಿ ಹಿಗ್ಗುತ್ತದೆ. ಹೊರಬರಲು ದಾರಿಯಿಲ್ಲದೆ ಗೋಡೆ ಒಡೆಯುತ್ತದೆ. ಒಂದು ಸಿಡಿದರೆ ಅದರ ಚೂರು ಪಕ್ಕದ ಹತ್ತನ್ನು ಹಾಳುಮಾಡುತ್ತದೆ. ಅದಕ್ಕೇ ಮಕ್ಕಳ ಕೆಲಸದ ಗೋಡೆ ಒಂದು ಸೆಂಟಿಮೀಟರ್ ಆಸುಪಾಸಿನಲ್ಲಿರಬೇಕು, ದಪ್ಪ ಆಕೃತಿಯನ್ನು ಒಳಗಿನಿಂದ ಟೊಳ್ಳು ಮಾಡಬೇಕು, ವಾರಕ್ಕೂ ಹೆಚ್ಚು ಕಾಲ ನೆರಳಲ್ಲಿ ಒಣಗಬೇಕು, 80-90 ಡಿಗ್ರಿಯಲ್ಲಿ ಹಲವು ಗಂಟೆ ಹಿಡಿದು ಆಮೇಲೆ ಏರಿಸಬೇಕು. 573 ಡಿಗ್ರಿಯ ಹತ್ತಿರ ಮಣ್ಣಿನಲ್ಲಿರುವ ಸ್ಫಟಿಕ ಶಿಲೆಯ ಕಣಗಳು ಒಮ್ಮೆಗೇ ಹಿಗ್ಗುತ್ತವೆ, ತಣಿಯುವಾಗ ಅದೇ ಹಂತದಲ್ಲಿ ಕುಗ್ಗುತ್ತವೆ. ಅವಸರ ಮಾಡಿದರೆ ಅಲ್ಲಿ ಬಿರುಕು. ಮೊದಲ ಸುಡುವಿಕೆ ಸುಮಾರು 1,000 ಡಿಗ್ರಿಗೆ ಮುಗಿಯುತ್ತದೆ. ಪೂರ್ತಿ ತಣಿಯುವ ಮೊದಲು ಬಾಗಿಲು ತೆರೆಯಲೇಬಾರದು.

ನನ್ನ ಸಲಹೆ, ಮೊದಲ ವರ್ಷ ಸುಡಲೇಬೇಡಿ. ಮಗುವಿಗೆ 400 ಗ್ರಾಂ ಮಣ್ಣು, ವಿಭಾಗಕ್ಕೆ 16 ಕೆ.ಜಿ. ಕೆಲಸದ ಫೋಟೊ ತೆಗೆದು, ಮಣ್ಣನ್ನು ಪೂರ್ತಿ ಒಣಗಿಸಿ ಒಡೆದು, ನೀರಲ್ಲಿ ನೆನೆಹಾಕಿ, ಬಟ್ಟೆಯ ಮೇಲೆ ಹರಡಿ ಹದಕ್ಕೆ ತಂದು ಮತ್ತೆ ನಾದಿದರೆ ಅದೇ ಮಣ್ಣು ಮುಂದಿನ ವಿಭಾಗಕ್ಕೆ ಬರುತ್ತದೆ. 50 ಕೆ.ಜಿ. ಮಣ್ಣಿನಲ್ಲಿ ಎಂಟೂ ವಿಭಾಗಗಳನ್ನು ಸರದಿಯಲ್ಲಿ ನಡೆಸಬಹುದು. ಅರೆ ಒಣಗಿದ ಮಣ್ಣನ್ನು ನೆನೆಸಿದರೆ ಗಂಟು ಉಳಿಯುತ್ತದೆ, ಪೂರ್ತಿ ಒಣಗಿದ್ದು ಮಾತ್ರ ನೀರಿನಲ್ಲಿ ತಾನಾಗಿ ಕರಗಿ ಬೀಳುತ್ತದೆ. ಎರಡನೇ ವರ್ಷ ಕೆಲವನ್ನು ಸುಡಬೇಕೆನಿಸಿದರೆ ಹೊರಗೆ ಆವಿಗೆ ಇರುವವರಲ್ಲಿ ಬಾಡಿಗೆಗೆ ಸುಡಿಸಿ.

ಸುರಕ್ಷತೆಯ ಎರಡು ಮಾತು. ಒಣ ಮಣ್ಣಿನ ದೂಳಿನಲ್ಲಿ ಸಿಲಿಕಾ ಇರುತ್ತದೆ, ಶ್ವಾಸಕೋಶಕ್ಕೆ ಹಾನಿ. ಆದ್ದರಿಂದ ಮಣ್ಣು ಒಡೆಯುವುದು, ಒಣ ಮಣ್ಣನ್ನು ನೀರಿಗೆ ಹಾಕುವುದು ದೊಡ್ಡವರ ಕೆಲಸ, ಮಾಸ್ಕ್ ಹಾಕಿ, ಕೊಠಡಿಯ ಹೊರಗೆ. ಕೊಠಡಿಯನ್ನು ಪೊರಕೆಯಲ್ಲಿ ಗುಡಿಸಬಾರದು, ಒದ್ದೆ ಬಟ್ಟೆಯಲ್ಲೇ ಒರೆಸಬೇಕು. ಮೆರುಗು ಲೇಪ ಬಳಸುವ ಕಾಲ ಬಂದಾಗ ಸೀಸರಹಿತ ಎಂದು ಡಬ್ಬಿಯ ಮೇಲೆ ಮುದ್ರಿಸಿರುವುದನ್ನೇ ಕೊಳ್ಳಿ, ಅಂಗಡಿಯವರ ಬಾಯಿಮಾತು ಸಾಲದು.

ಎಂಟು_ವಿಭಾಗ:

ಎಲ್ಲರಿಗೂ ಧನ್ಯವಾದ. 46 ಗಂಟೆಯ ಲೆಕ್ಕವನ್ನು ಹಾಗೇ ಎತ್ತಿಕೊಳ್ಳುತ್ತೇವೆ. ಇನ್ನೊಂದು ತೊಡಕಿದೆ. ಅರ್ಜಿ ನಮೂನೆಯಲ್ಲಿ "ನಿರೀಕ್ಷಿತ ಫಲಿತಾಂಶ" ಎಂಬ ಅಂಕಣವಿದೆ. ಕಲೆಯಿಂದ ಗಣಿತ, ಭಾಷೆಯ ಅಂಕ ಹೆಚ್ಚುತ್ತದೆ ಎಂದು ಬರೆಯಲು ಕೆಲವರು ಸೂಚಿಸುತ್ತಿದ್ದಾರೆ. ಬರೆಯಬಹುದೇ?

ಅರ್ಜಿ_ಓದುಗ:

ಬರೆಯಬೇಡಿ ಸರ್. ಅಮೆರಿಕದ ಸಂಶೋಧಕರಾದ ಎಲೆನ್ ವಿನ್ನರ್ ಮತ್ತು ಲೋಯಿಸ್ ಹೆಟ್‌ಲ್ಯಾಂಡ್ 2000ದಲ್ಲಿ ಪ್ರಕಟಿಸಿದ ವಿಶ್ಲೇಷಣೆ, ಅಲ್ಲಿಯವರೆಗಿನ ಸಂಶೋಧನೆಗಳನ್ನೆಲ್ಲ ಒಟ್ಟಿಗೆ ಇಟ್ಟು ಇದೇ ಪ್ರಶ್ನೆ ಕೇಳಿತು. ಕಲಾ ತರಗತಿ ಹೆಚ್ಚಿದ್ದ ಮಾತ್ರಕ್ಕೆ ಓದು ಅಥವಾ ಗಣಿತದ ಅಂಕ ಏರುತ್ತದೆ ಎಂಬುದಕ್ಕೆ ಭರವಸೆಯ ಪುರಾವೆ ಸಿಗಲಿಲ್ಲ. ತರಗತಿ ನಾಟಕದಿಂದ ಮಾತು ಮತ್ತು ಓದಿನ ಕೌಶಲಕ್ಕೆ ನೆರವಾಗುವುದು ಮಾತ್ರ ಗಟ್ಟಿಯಾಗಿ ಕಂಡ ಸಂಬಂಧಗಳಲ್ಲೊಂದು. ಅರ್ಜಿ ಓದುವವರಲ್ಲಿ ಇದನ್ನು ಬಲ್ಲವರು ಇರುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಗಣಿತದ ಅಂಕದ ಮೇಲೆ ನಿಂತ ಕಲಾ ಯೋಜನೆ ಅಂಕ ಏರದ ವರ್ಷ ಬಿದ್ದುಹೋಗುತ್ತದೆ. ಕಲೆಗೆ ಹೇಳಿಕೊಳ್ಳಲು ತನ್ನದೇ ಆದದ್ದು ಬೇಕಾದಷ್ಟಿದೆ.

ಅದೇ ಸಂಶೋಧಕರು ಹಾರ್ವರ್ಡ್‌ನ ಪ್ರಾಜೆಕ್ಟ್ ಝೀರೊ ಸಂಶೋಧನಾ ಕೇಂದ್ರದಲ್ಲಿ ಸಹೋದ್ಯೋಗಿಗಳ ಜೊತೆ ಕಲಾ ತರಗತಿಗಳನ್ನು ನೋಡಿ, ಅಲ್ಲಿ ಬೆಳೆಯುವ ಎಂಟು ರೂಢಿಗಳನ್ನು ಗುರುತಿಸಿದರು: ಕಸುಬನ್ನು ಪಳಗಿಸಿಕೊಳ್ಳುವುದು, ಬಿಡದೆ ತೊಡಗಿರುವುದು, ಮನಸ್ಸಿನಲ್ಲಿ ಕಲ್ಪಿಸಿಕೊಳ್ಳುವುದು, ಭಾವ ಹೊಮ್ಮಿಸುವುದು, ಗಮನವಿಟ್ಟು ನೋಡುವುದು, ಮಾಡಿದ್ದರ ಬಗ್ಗೆ ಯೋಚಿಸಿ ಮಾತಾಡುವುದು, ಗೊತ್ತಿರುವುದರಾಚೆಗೆ ಕೈ ಚಾಚುವುದು, ಕಲಾ ಲೋಕವನ್ನು ಅರಿಯುವುದು. ಎಂಟನ್ನೂ ಬರೆಯಬೇಡಿ. ಎರಡು ಆರಿಸಿ, ಅದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ ಯಾವುದೆಂದು ಹೇಳಿ. "ಗಮನವಿಟ್ಟು ನೋಡುವುದು" ಆರಿಸಿದರೆ, ಒಂದೇ ವಸ್ತುವನ್ನು ವರ್ಷದ ಆರಂಭದಲ್ಲಿ ಮತ್ತು ಕೊನೆಯಲ್ಲಿ 20 ನಿಮಿಷ ನೋಡಿ ಬಿಡಿಸಿದ ಎರಡು ಚಿತ್ರಗಳನ್ನು ಪ್ರತಿ ವಿಭಾಗದಿಂದ ಹತ್ತು ಮಕ್ಕಳದ್ದು ಜೋಡಿಸಿಡಿ. ಹತ್ತು ಮಕ್ಕಳನ್ನು ಹಾಜರಿ ಪಟ್ಟಿಯಿಂದ ಪ್ರತಿ ನಾಲ್ಕನೆಯ ಹೆಸರಿನಂತೆ ಆರಿಸಿ. ಚೆನ್ನಾಗಿ ಬಿಡಿಸುವವರನ್ನೇ ಆರಿಸಿದರೆ ಅದು ಸಾಕ್ಷಿಯಾಗುವುದಿಲ್ಲ.

ನೀತಿಯ ಬೆಂಬಲ ಬೇಕಿದ್ದರೆ ಯುನೆಸ್ಕೊ ದಾಖಲೆಗಳಿವೆ. 2006ರಲ್ಲಿ ಲಿಸ್ಬನ್ ಸಮ್ಮೇಳನ, 2010ರಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ರೂಪುಗೊಂಡ ಸೋಲ್ ಕಾರ್ಯಸೂಚಿ, 2024ರಲ್ಲಿ ಅಬುಧಾಬಿಯಲ್ಲಿ ಅಂಗೀಕಾರವಾದ ಸಂಸ್ಕೃತಿ ಮತ್ತು ಕಲಾ ಶಿಕ್ಷಣದ ಚೌಕಟ್ಟು. ಸೋಲ್ ಕಾರ್ಯಸೂಚಿಯ ಮೊದಲ ಎರಡು ಗುರಿಗಳು ನಿಮಗೆ ನೇರ ಉಪಯುಕ್ತ: ಕಲಾ ಶಿಕ್ಷಣ ಎಲ್ಲರ ಕೈಗೆಟಕಬೇಕು, ಅದರ ಗುಣಮಟ್ಟ ಉತ್ತಮವಾಗಿರಬೇಕು. ಒಂದು ವಾಕ್ಯದಲ್ಲಿ ಉಲ್ಲೇಖಿಸಿ ಮುಂದೆ ಹೋಗಿ. ಎರಡು ಪುಟ ತತ್ತ್ವ ಬರೆದು ವೇಳಾಪಟ್ಟಿಗೆ ನಾಲ್ಕು ಸಾಲು ಕೊಟ್ಟ ಅರ್ಜಿ ಮೊದಲ ಸುತ್ತಿನಲ್ಲೇ ಹೊರಗುಳಿಯುತ್ತದೆ.

ತಿರಸ್ಕಾರಕ್ಕೆ ಸಾಮಾನ್ಯ ಕಾರಣಗಳು ಇನ್ನೂ ಸರಳ. ವಿವರಣೆಯಲ್ಲಿ ಇಬ್ಬರು ಕಲಾವಿದರು, ಖರ್ಚಿನ ಪಟ್ಟಿಯಲ್ಲಿ ಒಬ್ಬರದೇ ಸಂಭಾವನೆ. ಪರೀಕ್ಷೆಯ ತಿಂಗಳಲ್ಲಿ ಹಾಕಿಕೊಂಡ ತರಗತಿಗಳು. "ಇತರೆ ಖರ್ಚು" ಎಂಬ ದೊಡ್ಡ ಮೊತ್ತ. ಸಲ್ಲಿಸುವ ಮುನ್ನ ಯೋಜನೆಯೊಂದಿಗೆ ಸಂಬಂಧವಿಲ್ಲದ ಒಬ್ಬರಿಗೆ ಖರ್ಚಿನ ಪಟ್ಟಿಯನ್ನಷ್ಟೇ ಕೊಟ್ಟು, ಇಲ್ಲಿ ಏನು ನಡೆಯುತ್ತದೆ ಹೇಳಿ ಎಂದು ಕೇಳಿ. ಅವರು ಹೇಳಿದ್ದು ನಿಮ್ಮ ವಿವರಣೆಗೆ ಹೊಂದಿಕೆಯಾಗದಿದ್ದರೆ ಪಟ್ಟಿ ತಿದ್ದಬೇಕು.

ಶ್ರುತಿ_ಮಂಚ:

ರಂಗದ ಬಾಗಿಲು ಅವರ ಮಾತಿಗೆ ಒಂದು ತಿದ್ದುಪಡಿ. ಕಲಾವಿದರನ್ನು ಕರೆಸುವ ಮೊದಲೇ ಶಿಕ್ಷಕರ ತರಬೇತಿ ಶುರುವಾಗಬೇಕು. "ನನಗೆ ಚಿತ್ರ ಬರುವುದಿಲ್ಲ, ಹಾಡು ಬರುವುದಿಲ್ಲ" ಎಂಬ ಭಯ ಹೊತ್ತ ಶಿಕ್ಷಕರು ಕಲಾವಿದರ ಎದುರು ಇನ್ನಷ್ಟು ಹಿಂದೆ ಸರಿಯುತ್ತಾರೆ. ತಿಂಗಳಿಗೆ 90 ನಿಮಿಷ, ಎಂಟೂ ಶಿಕ್ಷಕರು ಒಟ್ಟಿಗೆ, ಶಾಲೆಯ ಸಮಯದೊಳಗೇ. ಮೊದಲ 45 ನಿಮಿಷ ಮಕ್ಕಳಿಗೆ ಮಾಡಿಸಲಿರುವುದನ್ನು ತಾವೇ ಮಾಡುವುದು, ಉಳಿದ ಹೊತ್ತು ಕಳೆದ ತಿಂಗಳ ಮಕ್ಕಳ ಕೆಲಸವನ್ನು ಮೇಜಿನ ಮೇಲೆ ಹರಡಿ ಮಾತಾಡುವುದು. ಉಪನ್ಯಾಸ ಬೇಡ.

ಚಿತ್ರದ ಬಗ್ಗೆ ಮಾತಾಡಿಸಲು ಮನೋವಿಜ್ಞಾನಿ ಅಬಿಗೇಲ್ ಹೌಸನ್ ಮತ್ತು ಮ್ಯೂಸಿಯಂ ಶಿಕ್ಷಣತಜ್ಞ ಫಿಲಿಪ್ ಯೆನವೈನ್ ರೂಪಿಸಿದ ಮೂರು ಪ್ರಶ್ನೆಗಳ ಕ್ರಮ ಹೊಸಬರಿಗೆ ಬಹಳ ಅನುಕೂಲ. ಈ ಚಿತ್ರದಲ್ಲಿ ಏನು ನಡೀತಿದೆ? ಹಾಗನ್ನಿಸೋಕೆ ಇಲ್ಲಿ ಏನು ಕಾಣಿಸ್ತು? ಇನ್ನೂ ಏನೇನು ಕಾಣಿಸ್ತಿದೆ? ಶಿಕ್ಷಕರು ಮಗು ತೋರಿಸಿದ ಜಾಗವನ್ನು ಬೊಟ್ಟುಮಾಡಿ, ಅದರ ಮಾತನ್ನೇ ಬೇರೆ ಪದಗಳಲ್ಲಿ ಹೇಳುತ್ತಾರೆ, ಸರಿ ತಪ್ಪು ಅನ್ನುವುದಿಲ್ಲ. "ಭೇಷ್" ಎಂದು ಒಬ್ಬರನ್ನು ಹೊಗಳಿದ ಕ್ಷಣ ಉಳಿದವರು ಆ ಉತ್ತರವನ್ನೇ ಅನುಸರಿಸುತ್ತಾರೆ. 15-20 ನಿಮಿಷಕ್ಕೆ ಒಂದೇ ಚಿತ್ರ ಸಾಕು. ಪ್ರೊಜೆಕ್ಟರ್ ಇಲ್ಲದಿದ್ದರೆ ದೊಡ್ಡ ಮುದ್ರಿತ ಪ್ರತಿಯಲ್ಲೂ ಆಗುತ್ತದೆ.

ಕೀಬೋರ್ಡ್ ಎರಡು ಕೊಂಡರೆ 40 ಮಕ್ಕಳಲ್ಲಿ 38 ಮಂದಿ ಕಾಯುತ್ತಾರೆ. ಅದೇ ಹಣದಲ್ಲಿ ಇಡೀ ವಿಭಾಗಕ್ಕೆ ಸಣ್ಣ ತಾಳವಾದ್ಯ ಕೊಂಡರೆ ಎಲ್ಲರ ಕೈಗೂ ಕೆಲಸ. ಚರ್ಮದ ವಾದ್ಯಗಳು ತೇವಕ್ಕೆ ಸಡಿಲಗೊಳ್ಳುತ್ತವೆ, ಒಣ ಹವೆಗೆ ಬಿಗಿಯಾಗಿ ಸೀಳುತ್ತವೆ. ಕಿಟಕಿ ಪಕ್ಕ ಇಡಬೇಡಿ, ಬೆಲೆಯ ಹತ್ತರಲ್ಲೊಂದು ಭಾಗವನ್ನು ಪ್ರತಿ ವರ್ಷ ದುರಸ್ತಿಗೆ ತೆಗೆದಿಡಿ. ಹಾಡಿಸುವಾಗ ಶಿಕ್ಷಕರು ತಮಗೆ ಅನುಕೂಲವಾದ ತಗ್ಗು ಶ್ರುತಿಯಲ್ಲಿ ಎತ್ತಿಕೊಂಡರೆ ಮಕ್ಕಳ ದನಿ ಕೆಳಗೆ ಸಿಗದೆ ಮಾತಿನಂತಾಗುತ್ತದೆ. ಮಗುವಿಗೆ ಶ್ರುತಿಜ್ಞಾನವಿಲ್ಲ ಎಂದು ಬರೆದುಬಿಡುವ ಮೊದಲು ಶ್ರುತಿಯನ್ನು ಏರಿಸಿ ನೋಡಿ.

ಖಾತೆ_ಕಡತ:

ಕೊನೆಯ ಪ್ರಶ್ನೆಗೆ, ಎರಡು ವರ್ಷದ ನಂತರದ ಮಾತಿಗೆ. ಅನುದಾನ ಸಾಮಾನ್ಯವಾಗಿ ಕಂತಿನಲ್ಲಿ ಬರುತ್ತದೆ, ಎರಡನೇ ಕಂತು ಮೊದಲಿನದರ ಬಳಕೆ ಪ್ರಮಾಣಪತ್ರ ಕೊಟ್ಟ ಮೇಲೆ. ಆ ನಡುವಿನ ತಿಂಗಳುಗಳಲ್ಲಿ ಕಲಾವಿದರಿಗೆ ಬಾಕಿ ಉಳಿಯದಂತೆ ಕೈಮೀಸಲನ್ನು ಕಾದಿಡಿ. ಪ್ರತ್ಯೇಕ ಖಾತೆ ಪುಸ್ತಕ, ದೊಡ್ಡ ಖರೀದಿಗೆ ಮೂರು ಕೊಟೇಶನ್, ಬಿಲ್ಲಿನ ಹಿಂದೆ ಯಾವ ತರಗತಿಗೆ ಬಳಕೆ ಎಂಬ ಒಂದು ಸಾಲು. ದಾಸ್ತಾನು ಪುಸ್ತಕದಲ್ಲಿ ಬಣ್ಣ, ಕಾಗದದ ಒಳಬರುವಿಕೆ ಮತ್ತು ವಿತರಣೆ ಎರಡೂ ಇರಲಿ. ವರ್ಷದ ಕೊನೆಗೆ ಅದರಿಂದಲೇ ಮಗುವಿಗೆ ತಗಲಿದ ನಿಜವಾದ ಖರ್ಚು ಗೊತ್ತಾಗುತ್ತದೆ.

ಆ ಅಂಕಿಯನ್ನು ಮೊದಲ ವರ್ಷ ಮುಗಿದ ಕೂಡಲೇ ಆಡಳಿತ ಮಂಡಳಿಯ ಮುಂದಿಡಿ. ಸಾಮಗ್ರಿಯ ಖರ್ಚಿನಲ್ಲಿ ಮೊದಲ ವರ್ಷ ಪೂರ್ತಿ ಅನುದಾನದಿಂದ, ಎರಡನೇ ವರ್ಷ ಅರ್ಧ ಶಾಲೆಯ ಆಯವ್ಯಯದಿಂದ, ಮೂರನೇ ವರ್ಷ ಪೂರ್ತಿ ಶಾಲೆಯಿಂದ ಎಂಬ ಠರಾವನ್ನು ಅರ್ಜಿ ಹಾಕುವ ಮೊದಲೇ ಪಾಸು ಮಾಡಿಸಿ, ಅದರ ಪ್ರತಿ ಲಗತ್ತಿಸಿ. ಎರಡನೇ ವರ್ಷ ಕಲಾವಿದರ ಭೇಟಿ ಎರಡಕ್ಕೆ ಇಳಿದಾಗ ಉಳಿಯುವ ಸಂಭಾವನೆಯ ಮೊತ್ತವನ್ನು ಉಪಕರಣಕ್ಕೆ ಸಾಗಿಸದೆ, ಮಿಕ್ಕ ಆರು ವಿಭಾಗಗಳ ಶಿಕ್ಷಕರ ಜೊತೆ ಇನ್ನೊಬ್ಬ ಕಲಾವಿದರ ಕೆಲಸಕ್ಕೆ ಇಡಿ. ಹಣವನ್ನು ಒಂದು ಲೆಕ್ಕ ಶೀರ್ಷಿಕೆಯಿಂದ ಇನ್ನೊಂದಕ್ಕೆ ಬದಲಿಸಲು ದಾನಿಯ ಲಿಖಿತ ಒಪ್ಪಿಗೆ ಬೇಕಾಗುತ್ತದೆ, ಖರ್ಚು ಮಾಡುವ ಮೊದಲೇ ಕೇಳಿ. ನಂತರ ಕೇಳಿದರೆ ಆ ಮೊತ್ತವನ್ನು ಶಾಲೆಯೇ ಭರಿಸಬೇಕಾಗಿ ಬರಬಹುದು.